ಹೆರಿಗೆ ತವರಿನಲ್ಲಿ, ಹುಡುಕಾಟ ಅಪ್ಪನ ಊರಿನಲ್ಲಿ

ಮನೆತನದ ಇತಿಹಾಸ ಬರೆಯಲು ಹೊರಟವರು ಹೆಚ್ಚಾಗಿ ಎಡವುವುದು ಜನನ ದಾಖಲೆಯ ವಿಷಯದಲ್ಲಿ. ಅಜ್ಜನ ಹೆಸರು ಗೊತ್ತಿರುತ್ತದೆ, ಊರು ಗೊತ್ತಿರುತ್ತದೆ, ಹುಟ್ಟಿದ ವರ್ಷವೂ ಸುಮಾರಾಗಿ ಗೊತ್ತಿರುತ್ತದೆ. ಆ ಊರಿನ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಕಾದರೆ ಕೊನೆಗೆ ‘ದಾಖಲೆ ಲಭ್ಯವಿರುವುದಿಲ್ಲ’ ಎಂಬ ಹಿಂಬರಹ ಕೈಸೇರುತ್ತದೆ. ಪುಸ್ತಕ ಹುಳು ತಿಂದಿರಬೇಕು, ಮಳೆಗೆ ನೆನೆದು ಹೋಗಿರಬೇಕು ಎಂದುಕೊಂಡು ಬಹಳ ಮಂದಿ ಹುಡುಕಾಟವನ್ನು ಅಲ್ಲಿಗೇ ಕೈಬಿಡುತ್ತಾರೆ. ಹುಳು ತಿಂದ ಪುಸ್ತಕಗಳು ಇವೆ ಎಂಬುದು ನಿಜ. ಆದರೆ ಇಂಥ ಹಿಂಬರಹಗಳಲ್ಲಿ ಎಷ್ಟೋ ಬಾರಿ ತಪ್ಪಿರುವುದು ಅರ್ಜಿಯಲ್ಲಿ ಬರೆದ ಊರು. ಅರ್ಜಿದಾರರು ತಂದೆಯ ಊರನ್ನು ಬರೆದಿರುತ್ತಾರೆ, ಮಗು ಹುಟ್ಟಿದ್ದು ತಾಯಿಯ ತವರಿನಲ್ಲಿ.

ಈ ವಿಷಯ ಇಂದು ಕೇವಲ ವಂಶಾವಳಿಯ ಆಸಕ್ತರದ್ದಾಗಿ ಉಳಿದಿಲ್ಲ. ಜನನ ಮತ್ತು ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಹಿಡಿದು ಮತದಾರರ ಪಟ್ಟಿ, ಚಾಲನಾ ಪರವಾನಗಿ, ಸರ್ಕಾರಿ ನೌಕರಿಯವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಾಂಕ ಮತ್ತು ಸ್ಥಳಕ್ಕೆ ಆಧಾರವಾಗಿದೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ, 1987ರ ಜುಲೈ 1ರ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿಯ, ಇಲ್ಲವೇ ಇಬ್ಬರ ದಾಖಲೆಯನ್ನೂ ಕೇಳಿದ್ದು ದೇಶದುದ್ದಕ್ಕೂ ಚರ್ಚೆಯಾಯಿತು. ಹೊರದೇಶದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು, ಮೊಮ್ಮಕ್ಕಳು ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡಿಗೆ ಅರ್ಜಿ ಹಾಕುವಾಗ ತಾತ ಮುತ್ತಾತಂದಿರ ಭಾರತೀಯತೆಗೆ ಪುರಾವೆ ಹುಡುಕಬೇಕಾಗುತ್ತದೆ. ಹೀಗಾಗಿ ಅಮೆರಿಕದಲ್ಲಿ ಹುಟ್ಟಿದ ಹುಡುಗಿಯೊಬ್ಬಳಿಗೆ ತನ್ನ ಮುತ್ತಜ್ಜ ಹಾವೇರಿಯ ಯಾವ ಹೋಬಳಿಯಲ್ಲಿ ಹುಟ್ಟಿದ ಎಂಬುದು ನಿಜವಾದ, ತುರ್ತಿನ ಪ್ರಶ್ನೆಯಾಗಬಹುದು. ಅವಳು ಬೆಳೆದ ದೇಶದಲ್ಲಿ 72 ವರ್ಷ ಕಳೆದ ಜನಗಣತಿಯ ಮನೆವಾರು ಹಾಳೆಗಳು ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. ಭಾರತದಲ್ಲಿ 1948ರ ಜನಗಣತಿ ಕಾಯ್ದೆ ಅಂಥ ಹಾಳೆಗಳ ಪರಿಶೀಲನೆಗೆ ಯಾರಿಗೂ ಅವಕಾಶ ಕೊಡುವುದಿಲ್ಲ. ಆದ್ದರಿಂದ ನಮ್ಮಲ್ಲಿ ಹುಟ್ಟಿನ ಪುಸ್ತಕಕ್ಕೆ ಇರುವ ಬೆಲೆ ಇನ್ನೂ ಹೆಚ್ಚು.

ನೋಂದಣಿಯ ಮೂಲ ನಿಯಮ ಸರಳ. ಜನನವನ್ನು ಅದು ಸಂಭವಿಸಿದ ಸ್ಥಳದ ನೋಂದಣಾಧಿಕಾರಿ ಬರೆದುಕೊಳ್ಳಬೇಕು. ತಂದೆತಾಯಿಯ ಕಾಯಂ ವಿಳಾಸ ಎಲ್ಲಿದ್ದರೂ ಸರಿ. 1969ರ ಕೇಂದ್ರ ಕಾಯ್ದೆ ಕರ್ನಾಟಕದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಮತ್ತು ಈ ನಿಯಮವನ್ನು ಎಲ್ಲೆಡೆ ಏಕರೂಪಗೊಳಿಸಿತು. ಈಗ ನಮ್ಮ ಪದ್ಧತಿಯನ್ನು ನೆನೆಯಿರಿ. ಏಳನೆಯ ತಿಂಗಳಲ್ಲೋ ಒಂಬತ್ತನೆಯ ತಿಂಗಳಲ್ಲೋ ಬಸುರಿಯನ್ನು ತವರಿನವರು ಬಂದು ಕರೆದುಕೊಂಡು ಹೋಗುತ್ತಾರೆ. ಚೊಚ್ಚಲ ಹೆರಿಗೆಯಂತೂ ತವರಿನಲ್ಲಿಯೇ ಆಗಬೇಕು. ಬಾಣಂತನ ಮುಗಿಸಿ ಮಗುವಿನೊಂದಿಗೆ ಮರಳುವಷ್ಟರಲ್ಲಿ ಮೂರೋ ಐದೋ ತಿಂಗಳು ಕಳೆದಿರುತ್ತವೆ. ಆ ಮಗುವಿನ ಹುಟ್ಟು ದಾಖಲಾಗಿದ್ದರೆ ಅದು ತಾಯಿಯ ಊರಿನ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಮನೆತನದ ನೆನಪು ಮಾತ್ರ ತಂದೆಯ ಕಡೆಯಿಂದ ಹರಿದು ಬಂದಿರುತ್ತದೆ: ಮನೆತನದ ಹೆಸರು, ಹೊಲದ ಪಹಣಿ, ಕುಲದೇವರ ಜಾತ್ರೆ, ಎಲ್ಲವೂ ತಂದೆಯ ಊರಿನವು. ದಾಖಲೆ ಒಂದು ದಾರಿಯಲ್ಲಿ, ನೆನಪು ಇನ್ನೊಂದು ದಾರಿಯಲ್ಲಿ ಸಾಗಿರುವುದರಿಂದ ಹುಡುಕುವವರಿಗೆ ಎರಡೂ ಕೂಡುವ ಜಾಗ ಸಿಗುವುದಿಲ್ಲ.

ತುಳುನಾಡಿನ ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಈ ತೊಡಕು ಕಡಿಮೆ. ಅಲ್ಲಿ ಕುಟುಂಬದ ಲೆಕ್ಕ ತಾಯಿಯ ಕಡೆಯಿಂದಲೇ ನಡೆಯುವುದರಿಂದ ಅಜ್ಜಿಯ ಮನೆ ಯಾವುದು ಎಂಬುದನ್ನು ಮಕ್ಕಳೂ ಬಲ್ಲರು. ರಾಜ್ಯದ ಉಳಿದ ಕಡೆ ಮೂರು ತಲೆಮಾರು ಹಿಂದಿನ ಅಜ್ಜಿಯ ತವರೂರು ಕೇಳಿದರೆ ಮನೆಯಲ್ಲಿ ಉತ್ತರ ಹೇಳುವವರು ಒಬ್ಬರೋ ಇಬ್ಬರೋ ಇರುತ್ತಾರೆ, ಅವರೂ ತುಂಬ ವಯಸ್ಸಾದವರು. ಅದಕ್ಕಾಗಿಯೇ ಯಾವ ಕಚೇರಿಯ ಮೆಟ್ಟಿಲು ಹತ್ತುವ ಮೊದಲೂ ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು, ಪ್ರತಿಯೊಬ್ಬ ಸೊಸೆಯೂ ಯಾವ ಊರಿನಿಂದ ಬಂದವಳು, ಯಾವ ಮಗುವಿನ ಬಾಣಂತನ ಎಲ್ಲಿ ಆಯಿತು ಎಂದು ಬರೆದಿಟ್ಟುಕೊಳ್ಳುವುದು ಈ ಕೆಲಸದ ಅರ್ಧಭಾಗ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮೊದಲ ಮಗುವಿಗೆ ತವರಿನ ಪುಸ್ತಕ, ಮೂರನೆಯ ನಾಲ್ಕನೆಯ ಮಕ್ಕಳಿಗೆ ಗಂಡನ ಊರಿನ ಪುಸ್ತಕ ಎಂಬ ಊಹೆಯಿಂದ ಹೊರಟರೆ ಹೆಚ್ಚಾಗಿ ತಪ್ಪಾಗದು. ಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಎರಡೂ ಊರುಗಳನ್ನು ಬಿಟ್ಟು ಪುರಸಭೆಯ ಅಥವಾ ನಗರಸಭೆಯ ದಾಖಲೆಯನ್ನು ನೋಡಬೇಕು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾಯಿತು. ಅಲ್ಲಿ ಹೆರಿಗೆಯಾದ ಸುತ್ತಲಿನ ಹಳ್ಳಿಗಳ ಹೆಂಗಸರ ಮಕ್ಕಳನ್ನು ಅವರ ಹಳ್ಳಿಯ ಪುಸ್ತಕದಲ್ಲಿ ಹುಡುಕಿ ಫಲವಿಲ್ಲ.

ಸರಿಯಾದ ಪುಸ್ತಕ ಸಿಕ್ಕ ಮೇಲೂ ಪುಟವನ್ನು ಓದುವುದಕ್ಕೆ ತಾಳ್ಮೆ ಬೇಕು. ಹಳೆಯ ಜನನ ಪುಸ್ತಕದ ಒಂದು ಸಾಲಿನಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು: ಕ್ರಮಸಂಖ್ಯೆ, ಹುಟ್ಟಿದ ತಾರೀಖು, ಗಂಡು ಅಥವಾ ಹೆಣ್ಣು, ತಂದೆಯ ಹೆಸರು, ಜಾತಿ, ವಾಸ, ತಿಳಿಸಿದವರ ಹೆಸರು, ಅದರ ಪಕ್ಕದಲ್ಲಿ ರುಜು ಅಥವಾ ಹೆಬ್ಬೆಟ್ಟಿನ ಗುರುತು. ಮಗುವಿನ ಹೆಸರಿನ ಜಾಗ ಬಹುಪಾಲು ಖಾಲಿ. ನಾಮಕರಣ ಆಗುವುದಕ್ಕೆ ಮೊದಲೇ ವರದಿ ಕೊಟ್ಟಿರುತ್ತಾರೆ. ಹೆಸರಿಟ್ಟ ಮೇಲೆ ಅದನ್ನು ಸೇರಿಸಲು ಯಾರೂ ಮತ್ತೆ ಹೋಗಿರುವುದಿಲ್ಲ. ಈಗಿನ ನಿಯಮದಲ್ಲೂ ಹೆಸರಿಲ್ಲದೆ ನೋಂದಾಯಿಸಿ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ಹದಿನೈದು ವರ್ಷದವರೆಗೆ ಶುಲ್ಕ ಕೊಟ್ಟು ಹೆಸರು ಸೇರಿಸಲು ಅವಕಾಶವಿದೆ. ಹಾಗಾಗಿ ‘ಶಂಕರಪ್ಪ’ ಎಂಬ ಹೆಸರನ್ನು ಹುಡುಕುವ ಗುಮಾಸ್ತನಿಗೆ ಅದು ಸಿಗದೇ ಹೋಗುವುದು ಸಹಜ. ಅರ್ಜಿಯಲ್ಲಿ ತಂದೆಯ ಹೆಸರು, ಮಗು ಗಂಡೋ ಹೆಣ್ಣೋ ಎಂಬುದು, ಮತ್ತು ಒಂದು ನಿರ್ದಿಷ್ಟ ವರ್ಷದ ಬದಲು ನಾಲ್ಕೈದು ವರ್ಷಗಳ ಅವಧಿ, ಇವನ್ನು ಬರೆಯಬೇಕು.

ಒಂದೇ ಊರಿನಲ್ಲಿ ಬಸಪ್ಪ ಎಂಬ ಹೆಸರಿನ ತಂದೆಯರು ಮೂವರಿದ್ದರೆ ಯಾರು ನಮ್ಮವರು ಎಂಬುದನ್ನು ಬಿಡಿಸಿಕೊಡುವುದು ಬಹುಮಟ್ಟಿಗೆ ‘ತಿಳಿಸಿದವರು’ ಎಂಬ ಕಾಲಂ. ಮನೆಯಲ್ಲಿ ಆದ ಹೆರಿಗೆಯನ್ನು ವರದಿ ಮಾಡುವ ಹೊಣೆ ಆ ಮನೆಯ ಯಜಮಾನನದು. ಹೆರಿಗೆ ತವರಿನಲ್ಲಿ ಆಗಿದ್ದರೆ ಆ ಯಜಮಾನ ಯಾರು? ಮಗುವಿನ ತಾಯಿಯ ಅಪ್ಪ, ಇಲ್ಲವೇ ಅವಳ ಅಣ್ಣ. ತಾಯಿಯ ಹೆಸರನ್ನೇ ಬರೆಯದೆ ಬಿಟ್ಟ ಸಾಲಿನಲ್ಲಿಯೂ ಅವಳ ತಂದೆಯ ಹೆಸರು ಹೀಗೆ ಉಳಿದುಕೊಂಡಿರುತ್ತದೆ. ಒಂದು ಹೆಬ್ಬೆಟ್ಟಿನ ಪಕ್ಕದ ಈ ಹೆಸರು ಹಿಡಿದು ಅಜ್ಜಿಯ ಮನೆತನದ ಹೊಲದ ದಾಖಲೆಗೆ, ಅಲ್ಲಿಂದ ಅವಳ ಅಜ್ಜನವರೆಗೆ ಹೋಗಲು ದಾರಿ ತೆರೆಯುತ್ತದೆ. ಪ್ರಮಾಣಪತ್ರದ ಪ್ರತಿ ಕೇಳಿದರೆ ಈ ಕಾಲಂ ಅದರಲ್ಲಿ ಬರುವುದಿಲ್ಲ. ಅದಕ್ಕೇ ಮೂಲ ಪುಟದ ದೃಢೀಕೃತ ನಕಲನ್ನು ಕೇಳಿ ಪಡೆಯುವುದು ಮುಖ್ಯ.

ಊರು ಸರಿಯಾಗಿದ್ದರೂ ಕಚೇರಿ ತಪ್ಪಬಹುದು. ಗುಳೇದಗುಡ್ಡದಲ್ಲಿ 1940ರಲ್ಲಿ ಹುಟ್ಟಿದ ಮಗುವನ್ನು ಗಮನಿಸೋಣ. ಆಗ ಅದು ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯ ಬಾದಾಮಿ ತಾಲ್ಲೂಕಿನ ಊರು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಈಚೆಗೆ ಗುಳೇದಗುಡ್ಡವೇ ತಾಲ್ಲೂಕು ಕೇಂದ್ರವಾಗಿದೆ. ಹೊಸ ತಾಲ್ಲೂಕು ಕಚೇರಿಯಲ್ಲಿ ಕೇಳಿ ‘ಇಲ್ಲ’ ಎಂಬ ಉತ್ತರ ಪಡೆದವರು ಬಾದಾಮಿಯ ಹಳೆಯ ಅಭಿಲೇಖಾಲಯವನ್ನೂ ವಿಚಾರಿಸದೆ ಕೈಬಿಡಬಾರದು. ಕಿತ್ತೂರು, ಸರಗೂರು, ಅಜ್ಜಂಪುರ, ಬ್ರಹ್ಮಾವರ, ಇಳಕಲ್ ಹೀಗೆ ಹೊಸದಾಗಿ ತಾಲ್ಲೂಕಾದ ಎಲ್ಲ ಕಡೆಗೂ ಇದೇ ಮಾತು ಅನ್ವಯಿಸುತ್ತದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳವರೂ ಊರೇ ಇಲ್ಲವೆಂದು ನಿರಾಶರಾಗದೆ ಆ ಕಾಲದ ತಾಲ್ಲೂಕು ಕೇಂದ್ರವನ್ನು ಪತ್ತೆಹಚ್ಚಬೇಕು.

1956ಕ್ಕೆ ಮೊದಲು ಇಂದಿನ ಕರ್ನಾಟಕ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ದಾಖಲೆಯ ಭಾಷೆ, ನಮೂನೆ, ಕಾನೂನು ಎಲ್ಲವೂ ಬೇರೆ ಬೇರೆ. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲದ ಕಡೆ 1899ರ ಮದ್ರಾಸ್ ಜನನ ಮರಣ ನೋಂದಣಿ ಕಾಯ್ದೆ ಇತ್ತು. ಬೆಳಗಾವಿ, ವಿಜಾಪುರದ ಕಡೆಯ ಹಳೆಯ ಗ್ರಾಮದಾಖಲೆಗಳಲ್ಲಿ, ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಎದುರಾಗುತ್ತದೆ, ಅದನ್ನು ಓದಬಲ್ಲವರು ಇಂದು ಕೈಬೆರಳೆಣಿಕೆಯಷ್ಟು. ಬೀದರ, ಕಲಬುರ್ಗಿ, ರಾಯಚೂರಿನಲ್ಲಿ ನಿಜಾಮರ ಆಡಳಿತದ ಉರ್ದು ದಫ್ತರ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಪಟೇಲ ಮತ್ತು ಶಾನುಭೋಗರ ಕೈಬರಹ. ವಂಶಪಾರಂಪರ್ಯದ ಈ ಹುದ್ದೆಗಳು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯ ಪ್ರಕಾರ 1963ರ ಫೆಬ್ರುವರಿ 1ರಿಂದ ಕೊನೆಗೊಂಡವು. ಅವರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ಮನೆಯ ಅಟ್ಟದ ಮೇಲೆ, ಪೆಟ್ಟಿಗೆಯಲ್ಲಿ ಇದ್ದ ಕಡತಗಳು ಆ ಕೈಬದಲಾವಣೆಯಲ್ಲಿ ಎಲ್ಲವೂ ಸರ್ಕಾರಕ್ಕೆ ಸೇರಿದವು ಎನ್ನುವಂತಿಲ್ಲ. ಶಾನುಭೋಗರ ಮನೆತನಗಳವರು ತಮ್ಮ ಹಳೆಯ ಪೆಟ್ಟಿಗೆಗಳನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅದರಲ್ಲಿ ಇರುವುದು ಇಡೀ ಊರಿನ ಹುಟ್ಟುಸಾವುಗಳ ಲೆಕ್ಕವಾಗಿರಬಹುದು.

ದಿನಾಂಕದ ಪ್ರಶ್ನೆ ಇನ್ನೊಂದು. ಮನೆಯಲ್ಲಿ ಜಾತಕವಿದ್ದರೆ ಅದು ಸಮಕಾಲೀನ ಪುರಾವೆ, ಆದ್ದರಿಂದ ಬೆಲೆಯುಳ್ಳದ್ದು. ಆದರೆ ಅದನ್ನು ಇಂಗ್ಲಿಷ್ ತಾರೀಖಿಗೆ ತರುವಾಗ ಎಚ್ಚರ ಬೇಕು. ಶಾಲಿವಾಹನ ಶಕ 1869, ಸರ್ವಜಿತ್ ಸಂವತ್ಸರ, ಮಾಘ ಬಹುಳ ಎಂದಿದ್ದರೆ ಶಕಕ್ಕೆ 78 ಕೂಡಿಸಿ 1947 ಎಂದು ಬರೆದುಕೊಳ್ಳುವವರೇ ಹೆಚ್ಚು. ಸಂವತ್ಸರ ಆರಂಭವಾಗುವುದು ಯುಗಾದಿಗೆ. ಆ ಮಾಘ ಬಹುಳ ಬಿದ್ದದ್ದು 1948ರ ಫೆಬ್ರುವರಿ ಕೊನೆ ಮತ್ತು ಮಾರ್ಚ್ ಮೊದಲ ದಿನಗಳಲ್ಲಿ. ಶಕವನ್ನು ಬರೆಯದೆ ಸಂವತ್ಸರದ ಹೆಸರನ್ನಷ್ಟೇ ಬರೆದಿದ್ದರೆ ಅರವತ್ತು ವರ್ಷಗಳ ಅಂತರದ ಗೊಂದಲ ಸಾಧ್ಯ: ಸರ್ವಜಿತ್ 1887ರಲ್ಲೂ ಬಂದಿತ್ತು, 2007ರಲ್ಲೂ ಬಂತು. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರುವಾಗುವುದರಿಂದ ನಸುಕಿನ ಮೂರು ಗಂಟೆಗೆ ಹುಟ್ಟಿದ ಮಗುವಿನ ವಾರವೂ ತಾರೀಖೂ ಒಂದು ದಿನ ಹಿಂದುಮುಂದಾಗುತ್ತವೆ. ಹೈದರಾಬಾದ್ ಪ್ರದೇಶದ ಕಾಗದಗಳಲ್ಲಿ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷವಿದ್ದರೆ ಅದಕ್ಕೆ 590 ಕೂಡಿಸಬೇಕು. ಫಸಲಿ 1350 ಎಂದರೆ 1940-41.

ಜಾತಕ ಒಂದು ತಾರೀಖು ಹೇಳಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೂನ್ 1 ಎಂದರೆ ಜಾತಕವನ್ನು ನಂಬುವುದೇ ಲೇಸು. ಶಾಲೆ ಶುರುವಾಗುವ ತಿಂಗಳಿಗೆ ವಯಸ್ಸು ಹೊಂದಲಿ ಎಂದು ಮೇಷ್ಟರು ಅಂದಾಜಿನಲ್ಲಿ ಬರೆದ ಜೂನ್ 1 ಒಂದೊಂದು ಊರಿನ ಇಡೀ ತಲೆಮಾರಿನ ಜನ್ಮದಿನವಾಗಿ ಕುಳಿತಿದೆ. ಆದರೂ ಶಾಲೆಯ ದಾಖಲಾತಿ ಪುಸ್ತಕವನ್ನು ನೋಡದೆ ಬಿಡಬಾರದು. ತಾರೀಖು ತಪ್ಪಾಗಿದ್ದರೂ ಪೋಷಕರ ಹೆಸರು, ಹಿಂದಿನ ಶಾಲೆ, ಹುಟ್ಟಿದ ಊರು ಅಲ್ಲಿ ಸಿಗುತ್ತವೆ. ಸೋದರಮಾವನ ಮನೆಯಲ್ಲಿದ್ದು ಓದಿದ ಹುಡುಗನ ಪುಟದಲ್ಲಿ ಪೋಷಕನಾಗಿ ಆ ಮಾವನ ಹೆಸರೇ ಇರುತ್ತದೆ.

ಅಜ್ಜನ ‘ಜನನ ಪ್ರಮಾಣಪತ್ರ’ ಮನೆಯಲ್ಲೇ ಇದೆ ಎನ್ನುವವರು ಅದರಲ್ಲಿ ನೋಂದಣಿಯ ದಿನಾಂಕವನ್ನೂ ನೋಡಬೇಕು. ಹುಟ್ಟಿದ್ದು 1942, ನೋಂದಣಿ 1995 ಎಂದಿದ್ದರೆ ಅದು ವಿಳಂಬ ನೋಂದಣಿ. ಒಂದು ವರ್ಷ ದಾಟಿದ ಹುಟ್ಟನ್ನು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ನೋಂದಾಯಿಸುವ ವ್ಯವಸ್ಥೆ ಕಾಯ್ದೆಯ 13ನೇ ಕಲಮಿನಲ್ಲಿದೆ, ಮತ್ತು ಅಂಥ ಅರ್ಜಿಗಳಿಗೆ ಆಧಾರವಾಗುವುದು ಹೆಚ್ಚಾಗಿ ಶಾಲೆಯ ಅದೇ ತಾರೀಖು. ಕಾನೂನಿನ ದೃಷ್ಟಿಗೆ ಅದು ಪೂರ್ಣ ಪ್ರಮಾಣಪತ್ರ. ಇತಿಹಾಸದ ದೃಷ್ಟಿಗೆ ಅದು ಶಾಲೆಯ ಪುಸ್ತಕದ ಮರುನಕಲು, ಎರಡನೆಯ ಸ್ವತಂತ್ರ ಸಾಕ್ಷ್ಯವೆಂದು ಎಣಿಸುವಂತಿಲ್ಲ. ವಂಶಾವಳಿ ಬರೆಯುವವರು ಈ ವ್ಯತ್ಯಾಸವನ್ನು ತಮ್ಮ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಮುಂದೆ ಯಾರಾದರೂ ಮೂಲ ಪುಟ ಕಂಡಾಗ ಯಾವುದನ್ನು ನಂಬಬೇಕು ಎಂಬ ಪ್ರಶ್ನೆ ಆಗ ಏಳುವುದಿಲ್ಲ.

ಸರ್ಕಾರದ ಪುಸ್ತಕ ಇಲ್ಲದ ಕಾಲಕ್ಕೂ ಕೆಲವು ಸಮುದಾಯಗಳಿಗೆ ಬೇರೆ ಆಧಾರಗಳಿವೆ. ಕ್ರೈಸ್ತರಿಗೆ ದೀಕ್ಷಾಸ್ನಾನದ ಪುಸ್ತಕಗಳಿವೆ. ಕಥೋಲಿಕ ಚರ್ಚುಗಳಲ್ಲಿ ಅದೇ ವ್ಯಕ್ತಿಯ ಮದುವೆಯ ವಿವರವನ್ನೂ ಆ ಸಾಲಿನ ಪಕ್ಕದಲ್ಲಿ ಬರೆಯುವ ನಿಯಮವಿರುವುದರಿಂದ ಒಂದು ನಮೂದಿನಿಂದ ಇನ್ನೊಂದು ಊರಿಗೆ ದಾರಿ ಸಿಗುತ್ತದೆ. ಕರಾವಳಿಯಲ್ಲಿ 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನಡೆದ ಕ್ರೈಸ್ತರ ಸೆರೆ ಮತ್ತು ಚರ್ಚುಗಳ ನಾಶದಿಂದಾಗಿ, 1799ರ ನಂತರ ಜನ ಮರಳಿ ನೆಲೆಸಿದ ಕಾಲಕ್ಕಿಂತ ಹಿಂದಕ್ಕೆ ಹೋಗುವುದು ಬಹಳ ಕಷ್ಟ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನ ಸಭೆಗಳಲ್ಲಿಯೂ ಇಂಥ ಪುಸ್ತಕಗಳನ್ನು ವಿಚಾರಿಸಬೇಕು. ಮಿಷನ್ನಿನ ಪತ್ರಾಗಾರ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ. ಬೆಂಗಳೂರು ದಂಡಿನ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳ ದೀಕ್ಷಾಸ್ನಾನದ ವರದಿಗಳ ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗಿ ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ.

ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಹೆಳವರಿದ್ದಾರೆ. ಸುಗ್ಗಿಯ ನಂತರ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆಯ ಮುಂದೆ ನಿಂತು ಆ ಮನೆಯ ತಲೆತಲಾಂತರದ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವವರು ಇವರು. ಮೂಲ ಊರು ಯಾವುದು, ಯಾವ ಕಾರಣಕ್ಕೆ ಅಲ್ಲಿಂದ ಹೊರಟಿರಿ, ಯಾರಿಗೆ ಎಷ್ಟು ಮಕ್ಕಳು, ಯಾರ ವಂಶ ನಿಂತುಹೋಯಿತು ಎಂಬುದೆಲ್ಲ ಅವರ ಪುಸ್ತಕದಲ್ಲಿ ಇರುತ್ತದೆ. ಪ್ರತಿ ಭೇಟಿಯಲ್ಲಿ ಹೊಸ ಮಕ್ಕಳ ಹೆಸರು ಸೇರುತ್ತದೆ. ಹಿಂದೆ ಕಾಳು, ದನ ಕೊಟ್ಟು ಗೌರವಿಸುತ್ತಿದ್ದ ಮನೆಗಳು ಪೇಟೆ ಸೇರಿದ ಮೇಲೆ ಹೆಳವರ ಮಕ್ಕಳೂ ಬೇರೆ ಕಸುಬು ಹಿಡಿದಿದ್ದಾರೆ. ಕಾಶಿ, ಗಯೆ, ನಾಸಿಕ, ತ್ರ್ಯಂಬಕೇಶ್ವರದ ತೀರ್ಥಪುರೋಹಿತರು ಇಟ್ಟ ಬಹಿ ಎಂಬ ವಂಶಾವಳಿ ಪುಸ್ತಕಗಳಲ್ಲಿಯೂ ಯಾತ್ರೆಗೆ ಹೋದ ಹಿರಿಯರ ಹೆಸರು, ಊರು, ಮಕ್ಕಳ ಹೆಸರು ಸಿಗುತ್ತವೆ. ಇಂಥ ದಾಖಲೆಗಳು ಹುಟ್ಟಿದ ದಿನವನ್ನು ಹೇಳುವುದು ಅಪರೂಪ, ಆದರೆ ಯಾರ ನಂತರ ಯಾರು ಎಂಬ ಕ್ರಮವನ್ನು ಹೇಳುತ್ತವೆ. ಅವುಗಳ ದೊಡ್ಡ ಕೊರತೆ ಒಂದೇ, ಹೆಚ್ಚಿನವು ಗಂಡುಮಕ್ಕಳ ಸಾಲನ್ನೇ ಹಿಡಿದು ಹೋಗುತ್ತವೆ. ಮದುವೆಯಾಗಿ ಹೋದ ಮಗಳು ಅಲ್ಲಿಂದ ಮರೆಯಾಗುತ್ತಾಳೆ.

ಹೀಗಾಗಿ ಅಜ್ಜಿಯ ಹುಟ್ಟನ್ನು ಹುಡುಕುವುದು ಅಜ್ಜನ ಹುಟ್ಟಿಗಿಂತ ಬಹಳ ಕಠಿಣ. ಅವಳು ಶಾಲೆಗೆ ಹೋಗಿರುವುದಿಲ್ಲ, ಹೊಲ ಅವಳ ಹೆಸರಿನಲ್ಲಿಲ್ಲ, ಗಂಡನ ಮನೆಗೆ ಬಂದ ದಿನ ಹೆಸರನ್ನೇ ಬದಲಿಸಿದ ಮನೆತನಗಳೂ ಇವೆ, ಮತದಾರರ ಪಟ್ಟಿಯಲ್ಲಿ ಅವಳು ಇಂಥವರ ಹೆಂಡತಿ. ಅವಳು ಮಗುವಾಗಿದ್ದಾಗಿನ ಒಂದೇ ಒಂದು ಸರ್ಕಾರಿ ಗುರುತು ಉಳಿದಿದ್ದರೆ ಅದು ಯಾವುದೋ ಹಳ್ಳಿಯ ಜನನ ಪುಸ್ತಕದ ‘ಹೆಣ್ಣು’ ಎಂಬ ಸಾಲು. ಈ ಕಾರಣಕ್ಕೇ ಆ ಪುಸ್ತಕಗಳ ಸ್ಥಿತಿ ನನ್ನನ್ನು ಕಾಡುತ್ತದೆ.

ಕಾನೂನು ಹುಡುಕುವವರ ಪರವಾಗಿಯೇ ಇದೆ. 1969ರ ಕಾಯ್ದೆಯ 17ನೇ ಕಲಮಿನ ಪ್ರಕಾರ ನಿಗದಿತ ಶುಲ್ಕ ಕೊಟ್ಟು ಯಾರು ಬೇಕಾದರೂ ಪುಸ್ತಕದಲ್ಲಿ ಹುಡುಕಿಸಿ ನಕಲು ಪಡೆಯಬಹುದು. ಮರಣದ ನಕಲಿನಲ್ಲಿ ಸಾವಿನ ಕಾರಣವನ್ನು ತೋರಿಸಬಾರದು ಎಂಬ ನಿರ್ಬಂಧವಷ್ಟೇ ಅಲ್ಲಿದೆ. ಆದರೆ ಇ-ಜನ್ಮದಂಥ ತಂತ್ರಾಂಶಗಳು ನೆರವಾಗುವುದು ಇತ್ತೀಚಿನ ನೋಂದಣಿಗಳಿಗೆ. ಹಳೆಯ ಪುಸ್ತಕಗಳನ್ನು ಇಂದಿಗೂ ಅಭಿಲೇಖಾಲಯದ ಕಟ್ಟು ಬಿಚ್ಚಿ, ವರ್ಷ ನೋಡಿ, ಕೈಯಿಂದಲೇ ಹುಡುಕಬೇಕು, ಮತ್ತು ಆ ಕೆಲಸ ದಿನನಿತ್ಯದ ನೂರು ಕೆಲಸಗಳ ನಡುವೆ ಒಬ್ಬ ಗುಮಾಸ್ತನ ಪಾಲಿಗೆ ಬೀಳುತ್ತದೆ. ‘ಲಭ್ಯವಿಲ್ಲ’ ಎಂಬ ಹಿಂಬರಹದಲ್ಲಿ ಯಾವ ಗ್ರಾಮದ ಯಾವ ವರ್ಷಗಳ ಪುಸ್ತಕ ನೋಡಲಾಯಿತು, ಪುಸ್ತಕವೇ ಇಲ್ಲವೋ ಅಥವಾ ಪುಸ್ತಕದಲ್ಲಿ ನಮೂದು ಇಲ್ಲವೋ ಎಂಬುದನ್ನು ಬರೆದುಕೊಡುವಂತೆ ಅರ್ಜಿಯಲ್ಲೇ ಕೇಳುವುದು ಒಳ್ಳೆಯದು. ಈ ಎರಡು ‘ಇಲ್ಲ’ಗಳ ಅರ್ಥ ಬೇರೆ, ಮುಂದಿನ ಹೆಜ್ಜೆಯೂ ಬೇರೆ.

ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸವನ್ನು ಕಂದಾಯ ಇಲಾಖೆ ಕೈಗೆತ್ತಿಕೊಂಡಿರುವುದು ಸ್ವಾಗತಾರ್ಹ. ಜಮೀನಿನ ಕಡತಗಳಿಗೆ ವ್ಯಾಜ್ಯದ ಒತ್ತಡವಿದೆ, ಹಣವಿದೆ, ಕೇಳುವವರಿದ್ದಾರೆ. ಹಳೆಯ ಜನನ ಮರಣ ಪುಸ್ತಕಗಳಿಗೆ ಅಂಥ ಒತ್ತಡವಿಲ್ಲ. ಅವುಗಳ ಕಾಗದ ಮಾತ್ರ ಅಷ್ಟೇ ಬೇಗ ಪುಡಿಯಾಗುತ್ತದೆ. 1970ಕ್ಕೆ ಹಿಂದಿನ ಪುಸ್ತಕಗಳನ್ನಾದರೂ ಇದೇ ರೀತಿ ಸ್ಕ್ಯಾನ್ ಮಾಡಿ, ನೂರು ವರ್ಷ ದಾಟಿದವನ್ನು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿ ಸಂಶೋಧಕರಿಗೆ ತೆರೆಯಬೇಕು. ಅವುಗಳಿಗೆ ಸೂಚಿ ಮಾಡುವಾಗ ಹಳೆಯ ತಾಲ್ಲೂಕು, ಹೋಬಳಿಯ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡು ಇಂದಿನ ಹೆಸರುಗಳೊಂದಿಗೆ ಜೋಡಿಸಬೇಕು, ಮತ್ತು ತಂದೆಯ ಹೆಸರಿನ ಜೊತೆಗೆ ‘ತಿಳಿಸಿದವರು’ ಎಂಬ ಕಾಲಮನ್ನೂ ತಪ್ಪದೆ ನಕಲಿಸಬೇಕು.